ಫೋಮ್ ವಿಮಾನ ಬಾನಲ್ಲಿ ಹಾರಲಿ, ಅದರ ತಂತಿ ಹಸುವಿನ ಹೊಟ್ಟೆ ಸೇರದಿರಲಿ



ನಮ್ಮ ಪಕ್ಕದ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರ ಫೆಬ್ರವರಿ 6ರಂದು ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ತೆಂಗು, ಹೈನು ನಂಬಿದ ನಮ್ಮ ಮನೆಗಳ ಮಕ್ಕಳೂ ಅಲ್ಲಿ ದುಡಿಯುವ ಕನಸು ಕಾಣಬಹುದು. ರಿಮೋಟ್‌ನಿಂದ ಹಾರಿಸುವ ಫೋಮ್ ವಿಮಾನ ಕಟ್ಟುವುದು ಆ ವಿದ್ಯೆಗೆ ಒಳ್ಳೆಯ ಆರಂಭ. ಮಕ್ಕಳು ಕೇಳಿದರೆ ಬೇಡವೆನ್ನಬೇಡಿ.

ಕಟ್ಟುವ ಬಗೆ

ಲಾಗ ಹಾಕುವ ಇಂಥ ವಿಮಾನವನ್ನು 6 ಮಿ.ಮೀ. ದಪ್ಪದ ಫೋಮ್ ಹಾಳೆಯಲ್ಲಿ ಕತ್ತರಿಸುತ್ತಾರೆ. ರೆಕ್ಕೆಯ ಉದ್ದ ಸುಮಾರು 80 ಸೆಂ.ಮೀ. ಬ್ಯಾಟರಿ ಸೇರಿ ತೂಕ 300 ಗ್ರಾಂ ಆಸುಪಾಸು, ಅಂದರೆ ಅರ್ಧ ಲೀಟರ್ ಹಾಲಿನ ಪ್ಯಾಕೆಟ್‌ಗಿಂತ ಹಗುರ. ಮೋಟಾರಿನ ಎಳೆತ ತೂಕಕ್ಕಿಂತ ಹೆಚ್ಚಿದ್ದರೆ ವಿಮಾನ ಮೂತಿ ಮೇಲೆತ್ತಿ ಗಾಳಿಯಲ್ಲೇ ನಿಲ್ಲಬಲ್ಲದು. ಸರ್ವೊ ಎಂಬ ಪುಟ್ಟ ಮೋಟಾರುಗಳು ತೆಳು ಉಕ್ಕಿನ ತಂತಿಯಿಂದ ರೆಕ್ಕೆ, ಬಾಲದ ಪಟ್ಟಿಗಳನ್ನು ಆಡಿಸುತ್ತವೆ. ರೆಕ್ಕೆಯ ಮುಂಚಿನಿಂದ ಅಗಲದ ಮೂರನೇ ಒಂದು ಭಾಗದ ಹತ್ತಿರ ಎರಡು ಬೆರಳಲ್ಲಿ ಎತ್ತಿದಾಗ ವಿಮಾನ ಮಟ್ಟಸವಾಗಿ ನಿಲ್ಲಬೇಕು. ಬಾಲ ಭಾರವಾದರೆ ಬ್ಯಾಟರಿಯನ್ನು ಮುಂದಕ್ಕೆ ಸರಿಸಿ.

ರಾಸುಗಳಿಗೆ ಅಪಾಯವೆಲ್ಲಿ?

ವಿಮಾನ ತೋಟದ ಮೇವಿನೊಳಗೆ ಬಿದ್ದರೆ ಫೋಮ್ ಚೂರು, ತಂತಿ ಅಲ್ಲೇ ಉಳಿಯುತ್ತವೆ. ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕರೆ ಒಂದು ತಂತಿ ಹತ್ತು ಚೂರಾಗುತ್ತದೆ. ಹಸು ಮೇವನ್ನು ಆರಿಸಿ ತಿನ್ನುವುದಿಲ್ಲ, ಗಬಗಬನೆ ನುಂಗುತ್ತದೆ. ತಂತಿ ಜೇನುಗೂಡಿನಂತಿರುವ ಎರಡನೆಯ ಹೊಟ್ಟೆಯಲ್ಲಿ ನಿಂತು, ವಪೆಯನ್ನು ಚುಚ್ಚಿ ಹೃದಯದವರೆಗೂ ಹೋಗಬಹುದು. ತುಂಬು ಗಬ್ಬದಲ್ಲಿ ಈ ಅಪಾಯ ಇನ್ನೂ ಹೆಚ್ಚು.

ಹಾಲು ಥಟ್ಟನೆ ಇಳಿಯುವುದು, ಮೇವು ಬಿಡುವುದು, ಬೆನ್ನು ಬಾಗಿಸಿ ಮೊಣಕೈ ಹೊರಚಾಚಿ ನಿಲ್ಲುವುದು, ಇಳಿಜಾರು ಇಳಿಯಲು ಹಿಂಜರಿಯುವುದು ಮೊದಲ ಲಕ್ಷಣಗಳು. ಗಂಗೆದೊಗಲು ಊದಿಕೊಳ್ಳುವ ಹೊತ್ತಿಗೆ ಕಾಯಿಲೆ ಕೈಮೀರಿರುತ್ತದೆ. ಆದ್ದರಿಂದ ಮೊದಲ ಲಕ್ಷಣ ಕಂಡ ದಿನವೇ ಪಶುವೈದ್ಯರನ್ನು ಕರೆಸಿ.

ಪಾಲಿಸಬೇಕಾದ ಕ್ರಮಗಳು

• ಕೊಟ್ಟಿಗೆ, ಮೇವಿನ ತಾಕು, ರಾಸು ಮೇಯುವ ಜಾಗ ಬಿಟ್ಟು ಖಾಲಿ ಬಯಲಲ್ಲಿ, ಕಣ್ಣಳತೆಯಲ್ಲೇ ಹಾರಿಸಲಿ. 2021ರ ಡ್ರೋನ್ ನಿಯಮಗಳನ್ನು ತಿಳಿದುಕೊಳ್ಳಲಿ.
• ವಿಮಾನ ಬಿದ್ದ ಕಡೆ ಚೂರುಗಳನ್ನೆಲ್ಲ ಆಯ್ದು, ನೆಲದ ಮೇಲೆ ಅಯಸ್ಕಾಂತ ಆಡಿಸಲಿ. ಕಟ್ಟುವಾಗ ಕತ್ತರಿಸಿದ ತಂತಿ ತುಂಡುಗಳು ಡಬ್ಬಿಯಲ್ಲಿರಲಿ, ತಿಪ್ಪೆ ಸೇರದಿರಲಿ.
• ಹಾಲು ಕರೆಯುವ ಹೊತ್ತಿನಲ್ಲಿ ಹತ್ತಿರ ಹಾರಿಸುವುದು ಬೇಡ. ಹಸು ಬೆದರಿದರೆ ಅಡ್ರಿನಲಿನ್ ಏರಿ, ಹಾಲು ಇಳಿಸುವ ಆಕ್ಸಿಟೋಸಿನ್ ಕೆಲಸ ಮಾಡದೆ ಸೊರವು ನಿಲ್ಲುತ್ತದೆ.
• ಲಿಥಿಯಂ ಪಾಲಿಮರ್ ಬ್ಯಾಟರಿಯನ್ನು ಅದಕ್ಕೆಂದೇ ಇರುವ ಚಾರ್ಜರ್‌ನಲ್ಲಿ, ಕಣ್ಣೆದುರೇ ಚಾರ್ಜ್ ಮಾಡಬೇಕು. ಊದಿದ ಬ್ಯಾಟರಿ ಬಳಸಬಾರದು. ಕೊಬ್ಬರಿಗೆಂದು ಕಾಯಿ ಒಣಗಿಸುವ ಅಟ್ಟದ ಕೆಳಗೆ, ಹುಲ್ಲಿನ ಬಣವೆಯ ಬಳಿ ಚಾರ್ಜ್‌ಗೆ ಹಾಕಲೇಬಾರದು.

ಈ ನಾಲ್ಕು ಮಾತು ಮನೆಯ ಮಕ್ಕಳಿಗೆ ಇಂದೇ ತಿಳಿಸಿ.