ಬಿಡಕಿನ್ ಪೇಟೆಯಲ್ಲಿ ಅಪ್ಪನ ಭಾನುವಾರ

ಛತ್ರಪತಿ ಸಂಭಾಜಿನಗರದಿಂದ ದಕ್ಷಿಣಕ್ಕೆ ಪೈಠಣದ ಕಡೆ ಹೋಗುವ ರಸ್ತೆಯ ಹೆಚ್ಚುಕಡಿಮೆ ನಡುಮಧ್ಯದಲ್ಲಿದೆ ಬಿಡಕಿನ್. ಮಹಾನುಭಾವ ಆಶ್ರಮದ ಚೌಕ ದಾಟಿ, ನಕ್ಷತ್ರವಾಡಿ, ಚಿತೇಗಾಂವ್ ಕಳೆದರೆ ಊರು ಬಂತು. ಚಿತೇಗಾಂವ್‌ನಲ್ಲಿ ಒಂದು ಕಾಲಕ್ಕೆ ವಿಡಿಯೋಕಾನ್ ಕಾರ್ಖಾನೆ ಭರ್ಜರಿಯಾಗಿ ನಡೆಯುತ್ತಿತ್ತು. ಈಗ ಆ ಹೆಸರು ಹೇಳಿದರೆ ಸುತ್ತಲಿನ ಹಳ್ಳಿಯ ಹಿರಿಯರು ನಿಟ್ಟುಸಿರು ಬಿಡುತ್ತಾರೆ. ರಸ್ತೆಯ ಎರಡೂ ಬದಿಗೆ ಕರಿಮಣ್ಣು. ಹತ್ತಿ, ತೊಗರಿ, ಕಬ್ಬು, ನಡುನಡುವೆ ಮೋಸಂಬಿ ತೋಟ. ಕಲಬುರಗಿ ಕಡೆಯಿಂದ ಬಂದ ನನಗೆ ಈ ನೆಲ ಪರದೇಶ ಅನ್ನಿಸಲೇ ಇಲ್ಲ. ಅನ್ನಿಸಬೇಕಾಗಿಯೂ ಇರಲಿಲ್ಲ. 1956ರವರೆಗೆ ಆಗ ಔರಂಗಾಬಾದ್ ಎನಿಸಿಕೊಂಡಿದ್ದ ಈ ಸಂಭಾಜಿನಗರ, ನಮ್ಮ ಕಲಬುರಗಿ, ಬೀದರ, ರಾಯಚೂರು ಎಲ್ಲವೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಸೆಪ್ಟೆಂಬರ್ 17ಕ್ಕೆ ಇಲ್ಲಿಯೂ ಧ್ವಜ ಹಾರುತ್ತದೆ, ಅಲ್ಲಿಯೂ ಹಾರುತ್ತದೆ. ಇಲ್ಲಿ ಅದು ಮರಾಠವಾಡಾ ಮುಕ್ತಿ ಸಂಗ್ರಾಮ ದಿನ, ಅಲ್ಲಿ ಕಲ್ಯಾಣ ಕರ್ನಾಟಕ ಉತ್ಸವ. ದೊಡ್ಡ ಮಗನ ಶಾಲೆಯಲ್ಲಿ ಆ ದಿನ ಭಾಷಣ ಇಟ್ಟಿದ್ದರು. ಆ ಮುಕ್ತಿ ಹೋರಾಟದ ಮುಂದಾಳು ಸ್ವಾಮಿ ರಾಮಾನಂದ ತೀರ್ಥರು ಹುಟ್ಟಿದ್ದು ನಮ್ಮ ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ ಎಂಬ ಸಾಲನ್ನು ನಾನೇ ಬರೆದುಕೊಟ್ಟೆ. ಅವನ ಮರಾಠಿಯಲ್ಲಿ ಅದು ಚೆಂದ ಕೇಳಿಸಿತಂತೆ.

ನನ್ನ ಹೆಂಡತಿ ನಗರದ ಆಸ್ಪತ್ರೆಯೊಂದರಲ್ಲಿ ನರ್ಸು. ಭಾನುವಾರ ಆಕೆಗೆ ಡ್ಯೂಟಿ, ನನಗೆ ಕಾರ್ಖಾನೆಯ ವಾರದ ರಜೆ. ಹಾಗಾಗಿ ಭಾನುವಾರ ಮೂವರು ಗಂಡಸರ ರಾಜ್ಯ: ನಾನು, ಎಂಟು ವರ್ಷದ ದೊಡ್ಡವ, ಐದು ತುಂಬಿದ ಚಿಕ್ಕವ. ರಾಜ್ಯಭಾರ ಶುರುವಾಗುವುದು ನೀರಿನಿಂದ. ನಲ್ಲಿ ಬರುವ ಹೊತ್ತಿಗೆ ಕೊಡ, ಬಕೀಟು, ಡ್ರಮ್ಮು ಎಲ್ಲ ತುಂಬಿಕೊಳ್ಳಬೇಕು. ಚಿಕ್ಕವ ತಂಬಿಗೆ ಹಿಡಿದು ಸಹಾಯಕ್ಕೆ ಬರುತ್ತಾನೆ. ಅವನು ತುಂಬಿದ್ದಕ್ಕಿಂತ ಚೆಲ್ಲಿದ್ದು ಹೆಚ್ಚು, ಆದರೆ ಬೇಡ ಎನ್ನುವ ಧೈರ್ಯ ನನಗಿಲ್ಲ. ಆಮೇಲೆ ಸ್ನಾನ, ಅವಲಕ್ಕಿ, ಎಡಗಾಲಿನ ಚಪ್ಪಲಿ ಎಲ್ಲಿ ಎಂಬ ಹುಡುಕಾಟ. ಇದೆಲ್ಲ ಮುಗಿದು ನಾವು ಬೀದಿಗೆ ಇಳಿಯುವಾಗ ಬಿಡಕಿನ್ ಪೇಟೆ ಅರ್ಧ ವ್ಯಾಪಾರ ಮುಗಿಸಿರುತ್ತದೆ.

ಹೆಸರಿಗೆ ಹಳ್ಳಿ, ನೋಡಲಿಕ್ಕೆ ಪೇಟೆ. ಹೆದ್ದಾರಿಯ ಅಂಚಿಗೆ ಟೈರ್ ಅಂಗಡಿ, ಕೃಷಿ ಸೇವಾ ಕೇಂದ್ರ, ಮೊಬೈಲ್ ಅಂಗಡಿ, ವಡಾಪಾವ್ ಗಾಡಿ, ಮಿಸಳ್ ಹೋಟೆಲು. ಜಮೀನಿನ ಮಧ್ಯವರ್ತಿಗಳ ಬೋರ್ಡುಗಳಂತೂ ಲೆಕ್ಕಕ್ಕೆ ಸಿಗುವುದಿಲ್ಲ. ಒಳಗೆ ಹೋದಂತೆ ಗಲ್ಲಿಗಳು ಕಿರಿದಾಗುತ್ತವೆ. ಹಳೆಯ ಕಟ್ಟೆ, ಬೇವಿನ ಮರ, ಗುಡಿ, ದರ್ಗಾ, ಮನೆ ಮುಂದೆ ಕಟ್ಟಿದ ಎಮ್ಮೆ ಸಿಗುತ್ತವೆ.

ಕಟಿಂಗ್ ಅಂಗಡಿಗೆ ಭಾನುವಾರ ಹೋಗಬಾರದು ಎಂದು ಬಲ್ಲವರೆಲ್ಲ ಹೇಳುತ್ತಾರೆ. ಆದರೆ ಕೆಲಸಕ್ಕೆ ಹೋಗುವ ಅಪ್ಪಂದಿರಿಗೆ ಬೇರೆ ದಿನ ಯಾವುದಿದೆ? ಬೆಂಚಿನ ಮೇಲೆ ಕೂತವರೆಲ್ಲ ನನ್ನಂಥವರೇ. ಮಡಿಲಲ್ಲಿ ಒಂದು, ಮೊಳಕಾಲ ಬಳಿ ಇನ್ನೊಂದು. ಖುರ್ಚಿಯ ಎರಡು ಕೈಗಳ ಮೇಲೆ ಅಡ್ಡ ಹಲಗೆ ಇಟ್ಟು ಚಿಕ್ಕವನನ್ನು ಅದರ ಮೇಲೆ ಏರಿಸಿದರು. ಬಿಳಿ ಬಟ್ಟೆ ಕುತ್ತಿಗೆಗೆ ಸುತ್ತಿದ ಕೂಡಲೇ ಅವನ ತುಟಿ ನಡುಗತೊಡಗಿತು. ಮಶೀನು ಗುರ್ ಎಂದಾಗ ಹೆಗಲು ಕಿವಿಯವರೆಗೆ ಏರಿತು. ನಾನು ಎದುರು ಕೂತು ಎರಡು ಕೈಯಿಂದ ಗಲ್ಲ ಹಿಡಿದುಕೊಂಡೆ. ಕತ್ತರಿಸಿದ ಕೂದಲು ಅವನ ಕಣ್ಣೀರಿಗೆ ಅಂಟಿ ಕೆನ್ನೆಯ ಮೇಲೆ ಸಣ್ಣ ಮೀಸೆ ಮೂಡಿತ್ತು. ಕನ್ನಡಿಯಲ್ಲಿ ಅದನ್ನು ಕಂಡವನೇ ಅಳು ನಿಲ್ಲಿಸಿ ನಗಲು ಶುರುಮಾಡಿದ. ಅಂಗಡಿಯವನು ಅದೇ ಗಳಿಗೆ ಹಿಡಿದು ಕಿವಿಯ ಹಿಂದಿನದನ್ನು ಮುಗಿಸಿಬಿಟ್ಟ. ಅವನ ಕೈಚಳಕ ನೋಡಿದರೆ ಅವನಿಗೂ ಮನೆಯಲ್ಲಿ ಎರಡು ಮೂರು ಇರಬೇಕು.

ದೊಡ್ಡವನ ಕತೆ ಬೇರೆ. ಅವನಿಗೆ ಮೊಬೈಲಿನಲ್ಲಿ ಕಂಡ ಕ್ರಿಕೆಟ್ ಆಟಗಾರನ ಕಟಿಂಗೇ ಆಗಬೇಕು. ಹಲಗೆ ಬೇಡ ಎಂದ. ಹಲಗೆ ಇಲ್ಲದಿದ್ದರೆ ತಲೆ ಕೈಗೆ ಎಟುಕುವುದಿಲ್ಲ ಎಂದ ಅಂಗಡಿಯವ. ಕೊನೆಗೆ ಹಲಗೆಯ ಮೇಲೆಯೇ ಕೂತ, ಬೀದಿಯ ಕಡೆ ಮಾತ್ರ ನೋಡಲಿಲ್ಲ. ಅವನ ತರಗತಿಯ ಹುಡುಗನೊಬ್ಬ ಬಾಗಿಲ ಹೊರಗೆ ನಿಂತಿದ್ದ.

ಅವನು ಓದುವುದು ಇಲ್ಲಿಯವರು ಸೆಮಿ ಇಂಗ್ಲಿಷ್ ಎನ್ನುವ ಬಗೆಯ ಶಾಲೆಯಲ್ಲಿ. ಗಣಿತ, ವಿಜ್ಞಾನ ಇಂಗ್ಲಿಷಿನಲ್ಲಿ, ಉಳಿದದ್ದು ಮರಾಠಿಯಲ್ಲಿ. ಮಹಾರಾಷ್ಟ್ರದ 2020ರ ಕಾಯ್ದೆಯಂತೆ ಯಾವ ಬೋರ್ಡಿನ ಶಾಲೆಯಾದರೂ ಮರಾಠಿ ಕಡ್ಡಾಯ. ಅದರಲ್ಲಿ ನನಗೆ ತಕರಾರಿಲ್ಲ, ಉಂಡ ಊರಿನ ಮಾತು ಬರಲೇಬೇಕು. ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಕಡೆಯಾದರೆ ಸರ್ಕಾರದ ಕನ್ನಡ ಶಾಲೆಗಳಿವೆ. ಇಲ್ಲಿ ಮನೆಯೇ ಕನ್ನಡ ಶಾಲೆ, ನಾನೇ ಮಾಸ್ತರು. ಭಾನುವಾರ ರಾತ್ರಿ ಒಂದು ಪುಟ ಕಾಪಿ. ಒತ್ತಕ್ಷರ ಬಂದಾಗ ದೊಡ್ಡವನಿಗೆ ತಪ್ಪದೆ ನಿದ್ದೆ ಬರುತ್ತದೆ.

ಪೇಟೆ ಬಿಟ್ಟು ಒಂದಿಷ್ಟು ನಡೆದರೆ ಇನ್ನೊಂದು ಬಿಡಕಿನ್ ಎದುರಾಗುತ್ತದೆ. ಇದ್ದಕ್ಕಿದ್ದಂತೆ ರಸ್ತೆ ಅಗಲವಾಗುತ್ತದೆ, ಕಾಂಕ್ರೀಟಾಗುತ್ತದೆ, ಜನ ಮಾಯವಾಗುತ್ತಾರೆ. ಸಾಲು ದೀಪದ ಕಂಬ, ಎರಡೂ ಕಡೆ ಖಾಲಿ ಬಯಲು, ಪ್ಲಾಟಿನ ನಂಬರು ಹೊತ್ತ ಕಲ್ಲುಗಳು. ಇದು ದೆಹಲಿ–ಮುಂಬೈ ಕೈಗಾರಿಕಾ ಕಾರಿಡಾರ್‌ಗೆ ಸೇರಿದ ಆರಿಕ್ ನಗರದ ಬಿಡಕಿನ್ ಭಾಗ. ಒಟ್ಟು 7,855 ಎಕರೆ. 2024ರ ಸೆಪ್ಟೆಂಬರ್ 29ರಂದು ಪ್ರಧಾನಿ ಇದನ್ನು ದೇಶಕ್ಕೆ ಒಪ್ಪಿಸಿದರು. ನಮ್ಮವರಿಗೆ ಇದರಲ್ಲಿ ಕುತೂಹಲ ಹುಟ್ಟಿಸುವ ಸಂಗತಿ ಎಂದರೆ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಂಪನಿ 2024ರ ಜುಲೈ 31ರಂದು ಮಹಾರಾಷ್ಟ್ರ ಸರ್ಕಾರದೊಂದಿಗೆ ಸುಮಾರು 20,000 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡು ಇಲ್ಲಿಗೆ ಹೊರಟಿರುವುದು. ಅದಕ್ಕೆ ಒಂದು ತಿಂಗಳು ಮೊದಲು ಬೆಂಗಳೂರಿನ ವಿದ್ಯುತ್ ಸ್ಕೂಟರ್ ಕಂಪನಿ ಏಥರ್ ಕೂಡ ಇದೇ ಜಾಗ ಆರಿಸಿಕೊಂಡಿತು. ಅಂದರೆ ಮುಂದಿನ ವರ್ಷಗಳಲ್ಲಿ ಕಟಿಂಗ್ ಅಂಗಡಿಯ ಬೆಂಚಿನ ಮೇಲೆ ಇನ್ನಷ್ಟು ಕನ್ನಡದ ಅಪ್ಪಂದಿರು ಕೂರಬಹುದು.

ಮಕ್ಕಳಿಗೆ ಕೋಟಿಯ ಲೆಕ್ಕ ಬೇಕಿಲ್ಲ. ಅವರಿಗೆ ಇದು ಲೋಕದ ಅತಿ ದೊಡ್ಡ ಸೈಕಲ್ ಮೈದಾನ. ಬಾಡಿಗೆ ಸೈಕಲ್ಲಿನಲ್ಲಿ ದೊಡ್ಡವ ಹ್ಯಾಂಡಲ್ ಬಿಟ್ಟು ಹೋಗುವುದನ್ನು ಇಲ್ಲಿಯೇ ಕಲಿತ. ಲಾರಿ ಬರಲು ಶುರುವಾದ ದಿನ ಈ ಮೈದಾನ ಮುಗಿಯಿತು ಎಂದು ನನಗೆ ಗೊತ್ತು, ಅವನಿಗೆ ಇನ್ನೂ ಹೇಳಿಲ್ಲ.

ಮನೆಯಿಂದ ಕೆಲಸಕ್ಕೆ ನಡೆದೇ ಹೋಗಬಹುದಾದ ಊರು ಕಟ್ಟುತ್ತೇವೆ ಎಂಬುದು ಆರಿಕ್‌ನವರ ಹೇಳಿಕೆ. ಆಗಲಿ. ಶಿಫ್ಟಿನ ಅಪ್ಪನಿಗೆ ದಿನಕ್ಕೆ ಒಂದು ತಾಸು ಉಳಿದರೂ ಅದು ದೊಡ್ಡ ಮಾತು. ಎರಡನೇ ಶಿಫ್ಟಿನ ವಾರ ನಾನು ಮನೆಗೆ ಬಂದಾಗ ಇಬ್ಬರೂ ಮಲಗಿರುತ್ತಾರೆ. ಬೆಳಿಗ್ಗೆ ನಾನು ಏಳುವಾಗ ಶಾಲೆಗೆ ಹೋಗಿರುತ್ತಾರೆ. ಆ ವಾರ ನಾವು ಮಾತಾಡಿಕೊಳ್ಳುವುದು ಫ್ರಿಜ್ಜಿನ ಮೇಲೆ ಅಂಟಿಸಿದ ಚೀಟಿಯಲ್ಲಿ. ಕೇಂದ್ರ ಸರ್ಕಾರದ ನೌಕರನಿಗೆ ಮಗು ಹುಟ್ಟಿದಾಗ 15 ದಿನದ ಪಿತೃತ್ವ ರಜೆ ಇದೆ. ತಾಯಂದಿರ ರಜೆ 2017ರಲ್ಲಿ 26 ವಾರಕ್ಕೆ ಏರಿತು. ಖಾಸಗಿ ಕಾರ್ಖಾನೆಯ ಅಪ್ಪನಿಗೆ ಮಾತ್ರ ಕಾನೂನು ಒಂದು ದಿನವನ್ನೂ ಕೊಟ್ಟಿಲ್ಲ. ಚಿಕ್ಕವ ಹುಟ್ಟಿದ ಮೂರನೇ ದಿನ ನಾನು ಮಶೀನಿನ ಮುಂದಿದ್ದೆ.

ಪೈಠಣಕ್ಕೆ ಹೋಗಲು ಹೊರಟಾಗ ಬಸ್ ನಿಲ್ದಾಣದ ದಾರಿಯಲ್ಲಿ ಹೂಳದೆ ಉಳಿದ ಕೊಳವೆಯೊಂದು ಬಿದ್ದಿತ್ತು. ಪೈಠಣದ ಜಾಯಕವಾಡಿ ಜಲಾಶಯದಿಂದ ಸಂಭಾಜಿನಗರಕ್ಕೆ ನೀರು ಒಯ್ಯುವ ಹೊಸ ಯೋಜನೆಯದು, ಎರಡೂವರೆ ಮೀಟರ್ ಅಡ್ಡಳತೆ. ನಾನು ಒಳಗೆ ನಿಂತು ಕೈ ಎತ್ತಿದರೂ ಮೇಲೆ ಜಾಗ ಉಳಿಯುತ್ತಿತ್ತು. ಇಬ್ಬರೂ ಒಳಗೆ ನುಗ್ಗಿ ಕೂಗಿದರು. ಕೊಳವೆ ತಿರುಗಿ ಕೂಗಿತು. "ಅಪ್ಪಾ, ಇಷ್ಟು ದೊಡ್ಡ ಪೈಪು ಇದ್ರೂ ಆ ಊರಿಗೆ ದಿನಾ ಯಾಕ ನೀರು ಬರಂಗಿಲ್ಲ?" ಎಂದ ದೊಡ್ಡವ. ನಗರದ ಮಂದಿ ಎಷ್ಟೋ ವರ್ಷದಿಂದ ಕೇಳುತ್ತಿರುವ ಪ್ರಶ್ನೆಯೇ ಅದು.

ಪೈಠಣದ ಕೆಂಪು ಬಸ್ಸಿನಲ್ಲಿ ಹೆಂಗಸರಿಗೆ ಅರ್ಧ ಟಿಕೇಟು, 75 ದಾಟಿದವರಿಗೆ ಪುಕ್ಕಟೆ, ಮಕ್ಕಳಿಗೆ ಅರ್ಧ. ಪೂರಾ ಹಣ ಕೊಡುವವರು ನನ್ನಂಥ ಅಪ್ಪಂದಿರು ಮಾತ್ರ. ಢೋರಕಿನ್ ದಾಟಿ ಗೋದಾವರಿಯ ದಂಡೆಗೆ ಇಳಿಯುವವರೆಗೆ ಚಿಕ್ಕವ ತನ್ನ ಹಾಫ್ ಟಿಕೇಟನ್ನು ಮುಷ್ಟಿಯಲ್ಲಿ ಬಿಗಿಹಿಡಿದೇ ಇದ್ದ. ಐದು ತುಂಬುವವರೆಗೆ ಅವನಿಗೆ ಟಿಕೇಟೇ ಇರಲಿಲ್ಲ, ಈಗ ಅವನೂ ಲೆಕ್ಕಕ್ಕೆ ಬಂದಿದ್ದಾನೆ.

ಪೈಠಣ ಎಂದರೆ ಶಾತವಾಹನರ ಪ್ರತಿಷ್ಠಾನ. ಸೀರೆಗೆ ಹೆಸರಾದ ಊರು. ನಾನು ಇಲ್ಲಿಗೆ ಬರುವುದು ಎರಡಕ್ಕೂ ಅಲ್ಲ. ಅಪ್ಪ-ಮಕ್ಕಳ ಇಷ್ಟು ಕತೆಗಳು ಒಂದೇ ಕಡೆ ಸಿಗುವ ಊರು ಇನ್ನೊಂದು ನನಗೆ ಗೊತ್ತಿಲ್ಲ. ಹತ್ತಿರದ ಆಪೇಗಾಂವ್‌ನ ವಿಠ್ಠಲಪಂತ ಹೆಂಡತಿಯನ್ನು ಬಿಟ್ಟು ಕಾಶಿಗೆ ಹೋಗಿ ಸನ್ಯಾಸಿಯಾದವನು. ವಿಷಯ ತಿಳಿದ ಗುರು ಮನೆಗೆ ಹೋಗು ಎಂದು ತಿರುಗಿ ಕಳಿಸಿದ. ಮೂವರು ಗಂಡುಮಕ್ಕಳು, ಒಬ್ಬ ಮಗಳು ಹುಟ್ಟಿದರು: ನಿವೃತ್ತಿ, ಮುಂದೆ ಸಂತ ಜ್ಞಾನೇಶ್ವರನೆನಿಸಿದ ಜ್ಞಾನದೇವ, ಸೋಪಾನ, ಮುಕ್ತಾಬಾಯಿ. ಸನ್ಯಾಸಿಯ ಮಕ್ಕಳೆಂದು ಊರು ದೂರವಿಟ್ಟಿತು. ನೀನು ಸತ್ತರೆ ಪ್ರಾಯಶ್ಚಿತ್ತ ಎಂದಿತು ಧರ್ಮಸಭೆ. ಗಂಡ-ಹೆಂಡತಿ ನೀರಿಗೆ ಇಳಿದರು ಎನ್ನುತ್ತದೆ ಕತೆ. ಆಮೇಲೆ ಆ ಅನಾಥ ಮಕ್ಕಳು ಶುದ್ಧಿಪತ್ರ ಕೇಳಿಕೊಂಡು ಬಂದದ್ದು ಇದೇ ಪೈಠಣಕ್ಕೆ. ಕೋಣದ ಬಾಯಲ್ಲಿ ಜ್ಞಾನದೇವ ವೇದ ನುಡಿಸಿದ್ದು ಇಲ್ಲಿಯ ನಾಗಘಾಟಿನಲ್ಲಿ ಎಂದು ಜನ ತೋರಿಸುತ್ತಾರೆ. ಮಕ್ಕಳಿಗೆ ನಾನು ಕೋಣದ ಭಾಗ ಮಾತ್ರ ಹೇಳಿದೆ. ವಿಠ್ಠಲಪಂತನ ಭಾಗ ನನ್ನ ಗಂಟಲಲ್ಲೇ ಉಳಿಯಿತು. ಮಕ್ಕಳಿಗೆ ಒಳ್ಳೆಯದಾಗಲಿ ಎಂದು ಮಕ್ಕಳನ್ನೇ ಬಿಟ್ಟುಹೋದ ಅಪ್ಪನನ್ನು ಸಂತರ ಕತೆ ಕ್ಷಮಿಸಿದರೂ ನಾನು ಕ್ಷಮಿಸಲಾರೆ. ಅವನನ್ನು ಅಲ್ಲಿಗೆ ದೂಡಿದ ಸಭೆಯನ್ನಂತೂ ಇಲ್ಲವೇ ಇಲ್ಲ.

ನನ್ನ ಮನಸ್ಸಿಗೆ ಒಗ್ಗುವವನು ಇದೇ ಊರಿನ ಸಂತ ಏಕನಾಥ. ಅವನ ಮುತ್ತಾತ ಭಾನುದಾಸ ನಮ್ಮ ವಿಜಯನಗರದಿಂದ ವಿಠ್ಠಲನ ಮೂರ್ತಿಯನ್ನು ಪಂಢರಪುರಕ್ಕೆ ತಿರುಗಿ ತಂದನೆಂಬುದು ಇಲ್ಲಿಯ ಪ್ರತೀತಿ. ಏಕನಾಥ ಕೂಸಾಗಿದ್ದಾಗಲೇ ಅಪ್ಪ-ಅಮ್ಮ ತೀರಿಕೊಂಡರು, ಸಾಕಿದ್ದು ಅಜ್ಜ-ಅಜ್ಜಿ. ಅಪ್ಪನ ಮುಖ ಕಾಣದೆ ಬೆಳೆದ ಈ ಮನುಷ್ಯ ಒಂದು ನಡುಮಧ್ಯಾಹ್ನ ಗೋದಾವರಿಯ ಕಾದ ಮರಳಿನಲ್ಲಿ ದಾರಿ ತಪ್ಪಿ ಅಳುತ್ತಿದ್ದ ಅಸ್ಪೃಶ್ಯರ ಮಗುವನ್ನು ಕಂಡ. ಎತ್ತಿಕೊಂಡ, ಸಿಂಬಳ ಒರೆಸಿದ, ಅವರ ಕೇರಿಗೆ ಹೋಗಿ ಮನೆ ಮುಟ್ಟಿಸಿ ಬಂದ. ಹದಿನಾರನೇ ಶತಮಾನದ ಬ್ರಾಹ್ಮಣ ಅದನ್ನು ಮಾಡಿದ್ದರ ತೂಕ ಏನೆಂದು ದೊಡ್ಡವರಿಗೆ ಗೊತ್ತು. ಮಕ್ಕಳಿಗೆ ಅದರಲ್ಲಿ ಅಚ್ಚರಿಯೇ ಕಾಣಲಿಲ್ಲ. "ಮತ್ತ ಅಳಾಕತ್ತಿದ್ರ ಎತ್ಕೋಬೇಕಲ್ಲ?" ಎಂದ ಚಿಕ್ಕವ, ನನ್ನ ಹೆಗಲ ಮೇಲಿಂದಲೇ.

ಊರೊಳಗಿನ ಏಕನಾಥರ ವಾಡೆಯಲ್ಲಿ ದೊಡ್ಡದೊಂದು ನೀರಿನ ಹಂಡೆ ಇದೆ, ಇಲ್ಲಿಯವರು ರಾಂಜಣ ಎನ್ನುತ್ತಾರೆ. ಶ್ರೀಕೃಷ್ಣ ಶ್ರೀಖಂಡ್ಯಾ ಎಂಬ ಆಳಿನ ವೇಷದಲ್ಲಿ ಹನ್ನೆರಡು ವರ್ಷ ಏಕನಾಥನ ಮನೆಗೆ ನೀರು ತುಂಬಿದನಂತೆ. ನಾಥಷಷ್ಠಿಯ ಹಬ್ಬಕ್ಕೆ ಭಕ್ತರು ಈಗಲೂ ಅದಕ್ಕೆ ನೀರು ಹೊಯ್ಯುತ್ತಾರೆ.

"ದೇವ್ರು ನಮ್ಮ ಮನಿಗೂ ನೀರು ತುಂಬಾಕ ಬರ್ತಾನೇನು?"

"ಬರಂಗಿಲ್ಲ ತಮ್ಮಾ. ಅದಕ್ಕ ನನ್ನ ಇಟ್ಟಾನ."

ಜಾಯಕವಾಡಿಯ ಏರಿ ಸುಮಾರು 10 ಕಿಲೋಮೀಟರ್ ಉದ್ದ. 1965ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದರು, 1976ರಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು. ತುಂಬಿದರೆ ನೂರು ಟಿಎಂಸಿ ದಾಟುತ್ತದೆ, ನಮ್ಮ ಕೆ.ಆರ್.ಎಸ್.ನ ಎರಡರಷ್ಟು. ಕೆಳಗಿನ ಸಂತ ಜ್ಞಾನೇಶ್ವರ ಉದ್ಯಾನವನ್ನು ಮಾಡಿದ್ದೂ ಮೈಸೂರಿನ ಬೃಂದಾವನವನ್ನು ನೋಡಿಯೇ. ಏರಿಯ ಬಳಿ ಕಡಲೆಕಾಯಿ ಬಿಡಿಸುತ್ತ ದೊಡ್ಡವನಿಗೆ ಏಕನಾಥನ ಮಗನ ಕತೆ ಹೇಳಿದೆ. ಮಗ ಹರಿಪಂಡಿತ ಸಂಸ್ಕೃತದ ಘನ ವಿದ್ವಾಂಸ. ಅಪ್ಪ ಮರಾಠಿಯಲ್ಲಿ ಪುರಾಣ ಹೇಳುವುದು, ಕಂಡವರ ಮನೆಯಲ್ಲಿ ಉಣ್ಣುವುದು ಅವನಿಗೆ ಹಿಡಿಸಲಿಲ್ಲ. ಮುನಿದು ಕಾಶಿಗೆ ಹೋದ. ಅಪ್ಪನೇ ಕಾಶಿಗೆ ಹೋಗಿ ಕರೆದ. ಬರಬೇಕೆಂದರೆ ಎರಡು ಷರತ್ತು ಎಂದ ಮಗ: ಮರಾಠಿಯಲ್ಲಿ ಹೇಳಬಾರದು, ಪರರ ಮನೆ ಊಟ ಮಾಡಬಾರದು. ಏಕನಾಥ ಒಪ್ಪಿದ. ಮುಂದೆ ಸಂಸ್ಕೃತದ ಪುರಾಣ ಕೇಳಲು ಜನವೇ ಬರದಾಗ ಮಗನಿಗೆ ಬುದ್ಧಿ ಬಂತು ಎನ್ನುತ್ತಾರೆ.

ದೊಡ್ಡವ ಬುದ್ಧಿ ಬಂದ ಭಾಗವನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. "ಅಂದ್ರ ಅಪ್ಪ ಮಗನ ಮಾತು ಕೇಳಿದ್ನಾ?"

"ಕೇಳಿದ."

"ಹಂಗಾರ ನಂದೂ ಎರಡು ಷರತ್ತು. ಇನ್ ಮ್ಯಾಲ ಕಟಿಂಗ್ ಅಂಗಡ್ಯಾಗ ನಾ ಹಲಗಿ ಮ್ಯಾಲ ಕೂಡಂಗಿಲ್ಲ."

"ಆಯ್ತು. ಎರಡನೇದು?"

ಸ್ವಲ್ಪ ಹೊತ್ತು ಕಡಲೆ ಸಿಪ್ಪೆಯನ್ನೇ ಪುಡಿಮಾಡಿದ. "ಶಾಲಿ ಗೇಟಿನ ಮುಂದ ನೀ ಕನ್ನಡದಾಗ ಜೋರಾಗಿ ಒದರಬ್ಯಾಡ. ಎಲ್ಲಾರೂ ನೋಡ್ತಾರ."

"ಒದರೂದು ಬಿಡ್ತೀನಿ, ಕನ್ನಡ ಬಿಡಂಗಿಲ್ಲ. ನಡೀತದೇನು?"

ವ್ಯಾಪಾರ ಕುದುರಲಿಲ್ಲ. ಸಣ್ಣ ದನಿಯಲ್ಲಿ ಎರಡೇ ಮಾತು ಎಂದ ಅವನು. ಐದಾದರೂ ಬೇಕು ಎಂದೆ ನಾನು. ಮೂರಕ್ಕೆ ಬಂದು ನಿಂತಾಗ ಚಿಕ್ಕವ ನಡುವೆ ಬಾಯಿ ಹಾಕಿದ. ತನಗೆ ಒಂದೇ ಷರತ್ತು ಸಾಕಂತೆ, ಹೋಗುವಾಗ ಕಿಟಕಿಯ ಸೀಟು. ಅಷ್ಟರಲ್ಲಿ ಸಂಭಾಜಿನಗರದ ಬಸ್ಸು ಬಂದಿತೆಂದು ಯಾರೋ ಕೂಗಿದರು. ಒಬ್ಬನನ್ನು ಕಂಕುಳಲ್ಲಿ, ಇನ್ನೊಬ್ಬನನ್ನು ಕೈಯಲ್ಲಿ ಹಿಡಿದು ಓಡಿದೆ. ಕಿಟಕಿಯ ಮಾತಿರಲಿ, ಬಿಡಕಿನ್‌ವರೆಗೆ ಮೂವರೂ ಬಾಗಿಲ ಬಳಿ ಯಾರದೋ ಮೋಸಂಬಿ ಚೀಲದ ಮೇಲೆ ಒಂದೊಂದು ಕಾಲಿಟ್ಟು ನಿಂತಿದ್ದೆವು. ದೊಡ್ಡವ ದಾರಿಯುದ್ದಕ್ಕೂ ಕನ್ನಡದಲ್ಲೇ, ಅದೂ ಜೋರಾಗಿಯೇ, ತಮ್ಮನ ಜತೆ ಜಗಳಾಡಿದ.