ಯೇಸುವಿನ ಬಾಲ್ಯ: ಮಕ್ಕಳಿಗೆ ಎಷ್ಟು ಹೇಳಬೇಕು?

ಡಿಸೆಂಬರ್ ಬಂತೆಂದರೆ ತುಮಕೂರು, ಗುಬ್ಬಿ, ಕುಣಿಗಲ್‌ಗಳ ಕ್ರೈಸ್ತರ ಮನೆಗಳಲ್ಲಿ, ಚರ್ಚುಗಳಲ್ಲಿ ಗೋದಲಿ ಕಟ್ಟುತ್ತಾರೆ. ಗೋದಲಿ ಎಂದರೇನೆಂದು ಈ ಸೀಮೆಯ ಹಳ್ಳಿಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ. ಕೊಟ್ಟಿಗೆಯಲ್ಲಿ ದನಕ್ಕೆ ಮೇವು ಹಾಕುವ ತಾವು ಅದು. ಕನ್ನಡ ಬೈಬಲ್ಲು ಈ ಮಾತನ್ನು ಬಳಸಿದ್ದರಿಂದ ಬೇತ್ಲೆಹೇಮಿನ ಕಥೆ ನಮ್ಮ ಹಟ್ಟಿಯ ಕಥೆಯಂತೆ ಕೇಳಿಸುತ್ತದೆ. ಆದರೆ ಗೋದಲಿಯಲ್ಲಿ ಮಲಗಿದ್ದ ಕೂಸು ಮುಂದೆ ಹೇಗೆ ಬೆಳೆಯಿತು, ಯಾರ ಜೊತೆ ಆಡಿತು ಎಂದು ಮಕ್ಕಳು ಕೇಳಿದರೆ ಸಂಡೇ ಸ್ಕೂಲಿನ ಶಿಕ್ಷಕರು ತಡವರಿಸುವಂತಾಗುತ್ತದೆ. ನಾಲ್ಕು ಸುವಾರ್ತೆಗಳಲ್ಲಿ ಮಾರ್ಕ, ಯೋಹಾನರ ಪುಸ್ತಕಗಳಲ್ಲಿ ಬಾಲ್ಯದ ಕಥೆಯೇ ಇಲ್ಲ. ಮತ್ತಾಯ ಮತ್ತು ಲೂಕ ಮೊದಲ ಎರಡೆರಡು ಅಧ್ಯಾಯಗಳಲ್ಲಿ ಅದನ್ನು ಮುಗಿಸುತ್ತಾರೆ. ಎಳೆಗೂಸಿನ ದಿನಗಳು ಕಳೆದ ಮೇಲೆ, ಸುಮಾರು ಮೂವತ್ತನೆಯ ವಯಸ್ಸಿನವರೆಗೆ ನಮಗೆ ಸಿಗುವುದು ಹನ್ನೆರಡನೆಯ ವರ್ಷದ ಒಂದೇ ಒಂದು ಘಟನೆ. ಇಷ್ಟು ಕಡಿಮೆ ಇರುವುದನ್ನು ಹಿಗ್ಗಿಸದೆ, ಇದ್ದಷ್ಟನ್ನೇ ಮಕ್ಕಳ ಮುಂದಿಟ್ಟು, ಅವರು ಪ್ರಶ್ನೆ ಕೇಳಲು ಬಿಡುವುದೇ ಸರಿಯಾದ ಬೈಬಲ್ ಪಾಠ ಎಂಬುದು ನನ್ನ ವಾದ.

ಈ ಭಾಗದಲ್ಲಿ ಬೈಬಲ್ ಕಲಿಕೆಗೆ ಹಳೆಯ ಬೇರುಗಳಿವೆ. ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಅವರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲ್ಲು ಕನ್ನಡದಲ್ಲಿ ಅಚ್ಚಾಗಿತ್ತು. 1837ರಲ್ಲಿ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ನಿನ ಕೆಲಸ ಶುರುಮಾಡಿದರು. ಅದು ತುಮಕೂರು, ಕುಣಿಗಲ್‌ಗಳಿಗೂ ಹಬ್ಬಿತು. ಆ ಕಾಲದ ಮಿಷನ್ ಶಾಲೆಗಳಲ್ಲಿ ಧರ್ಮಬೋಧೆಯೆಂದರೆ ಬಹುಮಟ್ಟಿಗೆ ಪ್ರಶ್ನೋತ್ತರದ ಪಾಠ. ಪ್ರಶ್ನೆಯೂ ಅಚ್ಚಾದದ್ದು, ಉತ್ತರವೂ ಅಚ್ಚಾದದ್ದು. ಮಕ್ಕಳ ಪಾಲಿಗೆ ಉಳಿದದ್ದು ಬಾಯಿಪಾಠ. ಬಾಯಿಪಾಠವನ್ನು ನಾನು ಹಳಿಯುವುದಿಲ್ಲ. ಎಳವೆಯಲ್ಲಿ ಕಲಿತ ವಾಕ್ಯ ಮುಪ್ಪಿನಲ್ಲೂ ನಾಲಿಗೆಯ ಮೇಲಿರುತ್ತದೆ. ಆದರೆ ಉತ್ತರವನ್ನು ಮೊದಲೇ ಕೈಗಿಟ್ಟರೆ ಮಗು ತನ್ನದೇ ಪ್ರಶ್ನೆ ಕೇಳುವುದನ್ನು ಬಿಟ್ಟುಬಿಡುತ್ತದೆ.

ಇನ್ನೊಂದು ಸೆಳೆತ, ಖಾಲಿ ಬಿಟ್ಟಲ್ಲಿ ಕಥೆ ತುಂಬುವುದು. ಕನ್ನಡದ ಮಕ್ಕಳು ಬಾಲಕೃಷ್ಣನ ಲೀಲೆ, ಪ್ರಹ್ಲಾದ, ಧ್ರುವರ ಕಥೆ ಕೇಳಿ ಬೆಳೆದವರು. ಗುಬ್ಬಿಯ ನಾಟಕ ಕಂಪನಿ ಹುಟ್ಟಿದ ನೆಲವಿದು. ದೈವಾಂಶದ ಮಗುವೆಂದರೆ ಪವಾಡ ಮಾಡಲೇಬೇಕೆಂಬ ನಿರೀಕ್ಷೆ ಇಲ್ಲಿ ಸಹಜ. ಹಿಂದೆಯೂ ಜನ ಹೀಗೆಯೇ ಬಯಸಿದರು. ಬೈಬಲ್ಲಿಗೆ ಸೇರದೆ ಉಳಿದ, ತೋಮನ ಹೆಸರಿನ ಬಾಲ್ಯಸುವಾರ್ತೆಯಲ್ಲಿ ಐದು ವರ್ಷದ ಯೇಸು ಜೇಡಿಮಣ್ಣಿನ ಗುಬ್ಬಚ್ಚಿಗಳನ್ನು ಮಾಡಿ ಹಾರಿಬಿಡುತ್ತಾನೆ. ಮಣ್ಣಿನ ಹಕ್ಕಿಗೆ ಜೀವ ಬಂದ ಮಾತು ಕುರಾನಿನಲ್ಲೂ ಇದೆ. ಮುಸ್ಲಿಂ ಮನೆಯ ಮಕ್ಕಳು ಈಸಾ ನಬಿಯ ಕಥೆಯಾಗಿ ಅದನ್ನು ಬಲ್ಲರು. ಆದರೆ ಅದೇ ಬಾಲ್ಯಸುವಾರ್ತೆಯಲ್ಲಿ ತನಗೆ ಡಿಕ್ಕಿ ಹೊಡೆದ ಹುಡುಗನನ್ನು ಆ ಬಾಲಕ ಶಪಿಸುತ್ತಾನೆ, ಹುಡುಗ ಸತ್ತೇಹೋಗುತ್ತಾನೆ. ಊಹೆಗೆ ಕಡಿವಾಣ ಬಿಟ್ಟರೆ ಕಥೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಯೇಸು ಹರೆಯದಲ್ಲಿ ಭಾರತಕ್ಕೆ ಬಂದಿದ್ದನೆಂಬ ಮಾತನ್ನೂ ನಮ್ಮಲ್ಲಿ ಹಲವರು ನಂಬುತ್ತಾರೆ. ಅದನ್ನು 1894ರಲ್ಲಿ ಹಬ್ಬಿಸಿದವರು ನಿಕೊಲಾಸ್ ನೊಟೊವಿಚ್ ಎಂಬ ಪ್ರವಾಸಿ. ಲಡಾಖಿನ ಹೆಮಿಸ್ ಮಠದಲ್ಲಿ ಹಸ್ತಪ್ರತಿ ನೋಡಿದೆನೆಂದರು. ಮರುವರ್ಷ ಅಲ್ಲಿಗೇ ಹೋಗಿ ವಿಚಾರಿಸಿದವರಿಗೆ ಮಠದ ಮುಖ್ಯಸ್ಥರು ಅಂಥದ್ದೇನೂ ಇಲ್ಲವೆಂದರು.

‘ಹಾಗಾದರೆ ಮಕ್ಕಳಿಗೆ ಹೇಳಲು ಉಳಿಯುವುದೇನು, ಪಾಠ ಸಪ್ಪೆಯಾಗುವುದಿಲ್ಲವೇ?’ ಎಂದು ಕೇಳಬಹುದು. ಲೂಕನ ಎರಡನೆಯ ಅಧ್ಯಾಯವನ್ನು ನಿಧಾನವಾಗಿ ಓದಿ ನೋಡಿ. ಚೊಚ್ಚಲ ಮಗನನ್ನು ದೇವಾಲಯಕ್ಕೆ ಕರೆತಂದ ಮರಿಯ, ಯೋಸೇಫರು ಅರ್ಪಿಸುವುದು ಹಕ್ಕಿಗಳನ್ನು. ಬಾಣಂತಿ ಕುರಿಮರಿಯನ್ನು ತರಬೇಕು, ಶಕ್ತಿಯಿಲ್ಲದವಳು ಎರಡು ಹಕ್ಕಿ ತಂದರೆ ಸಾಕು ಎಂಬುದು ಮೋಶೆಯ ಧರ್ಮಶಾಸ್ತ್ರ. ಅವರು ಬಡವರು ಎಂದು ಲೂಕ ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ಆ ಎರಡು ಹಕ್ಕಿಗಳಿಂದ ಮಕ್ಕಳೇ ಅದನ್ನು ಕಂಡುಕೊಳ್ಳಬೇಕು. ಆಮೇಲೆ, ಹನ್ನೆರಡನೆಯ ವರ್ಷದಲ್ಲಿ, ಯೆಹೂದ್ಯರ ಪಸ್ಕಹಬ್ಬದ ಪಯಣ. ನಜರೇತಿನಿಂದ ಯೆರೂಸಲೇಮಿಗೆ ನಡೆದು ಹೋಗಲು ಹಲವು ದಿನ ಹಿಡಿಯುತ್ತಿತ್ತು; ನೆಂಟರಿಷ್ಟರೆಲ್ಲ ಗುಂಪುಗೂಡಿ ಹೊರಡುತ್ತಿದ್ದರು. ಸಿದ್ಧಗಂಗೆಯ ಜಾತ್ರೆಯನ್ನೋ ಗುಬ್ಬಿಯಪ್ಪನ ಜಾತ್ರೆಯನ್ನೋ ಕಂಡ ಮಗುವಿಗೆ ಇದನ್ನು ಚಿತ್ರ ಬರೆದು ತೋರಿಸಬೇಕೇ? ಹುಡುಗ ನೆಂಟರ ಜೊತೆ ಇರಬೇಕೆಂದು ಹೆತ್ತವರು ಒಂದು ದಿನದ ದಾರಿ ನಡೆದುಬಿಡುತ್ತಾರೆ. ಹುಡುಕುತ್ತ ಹಿಂದಿರುಗಿದವರಿಗೆ ಮೂರು ದಿನದ ಮೇಲೆ ಆತ ಸಿಕ್ಕುವುದು ದೇವಾಲಯದಲ್ಲಿ, ಬೋಧಕರ ನಡುವೆ. ಅಲ್ಲಿ ಆತ ಪವಾಡ ಮಾಡುತ್ತಿಲ್ಲ. ಬೋಧಕರ ಮಾತು ಕೇಳಿಸಿಕೊಳ್ಳುತ್ತಿದ್ದಾನೆ, ಅವರನ್ನು ಪ್ರಶ್ನಿಸುತ್ತಿದ್ದಾನೆ. ಕಂಗೆಟ್ಟ ತಾಯಿ ಗದರಿಸುತ್ತಾಳೆ, ಮಗ ಕೊಟ್ಟ ಉತ್ತರ ಹೆತ್ತವರಿಗೆ ಅರ್ಥವಾಗುವುದಿಲ್ಲ, ಆದರೂ ಅವರ ಜೊತೆ ಊರಿಗೆ ಹೋಗಿ ಹೇಳಿದಂತೆ ಕೇಳಿಕೊಂಡಿರುತ್ತಾನೆ. ಆತ ಜ್ಞಾನದಲ್ಲಿ ಬೆಳೆದನೆಂದು ಲೂಕ ಬರೆಯುವುದನ್ನು ಮಕ್ಕಳ ಗಮನಕ್ಕೆ ತರಲೇಬೇಕು. ಬೆಳೆದನೆಂದ ಮೇಲೆ, ಎಲ್ಲವನ್ನೂ ಅರಿತೇ ಹುಟ್ಟಿದವನಲ್ಲ, ಕಲಿತವನು ಎಂದಾಯಿತು.

ಎರಡು ಸುವಾರ್ತೆಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಮಕ್ಕಳ ನಂಬಿಕೆ ಅಲುಗುತ್ತದೆ ಎಂಬ ಅಳುಕು ಕೆಲವರಿಗಿದೆ. ಗೋದಲಿ ಮತ್ತು ಕುರುಬರು ಲೂಕನಲ್ಲಿ. ಮೂಡಣ ದೇಶದ ಜೋಯಿಸರು, ಅರಸ ಹೆರೋದ, ಹೆತ್ತವರು ಕೂಸಿನೊಂದಿಗೆ ಐಗುಪ್ತಕ್ಕೆ ಓಡಿಹೋದದ್ದು ಮತ್ತಾಯನಲ್ಲಿ. ಜೋಯಿಸರು ಬಂದದ್ದು ಮನೆಗೆ, ಅವರು ಮೂವರೆಂದು ಮತ್ತಾಯ ಹೇಳಿಲ್ಲ. ನಮ್ಮ ಗೋದಲಿಯಲ್ಲಿ ಎಲ್ಲರೂ ಒಟ್ಟಿಗೆ ನಿಂತಿರುತ್ತಾರೆ. ಇದನ್ನು ಹತ್ತು ವರ್ಷದ ಮಗು ತಾನೇ ಪತ್ತೆಹಚ್ಚಿದರೆ ಅದು ನಂಬಿಕೆಗೆ ಬಂದ ಕುತ್ತಲ್ಲ, ಓದಿಗೆ ಬಂದ ಬೆಲೆ. ಹೆರೋದ ಕೂಸುಗಳನ್ನು ಕೊಲ್ಲಿಸಿದ ಪ್ರಸಂಗವನ್ನು ತೀರಾ ಚಿಕ್ಕವರಿಗೆ ಹೇಳದಿರುವುದೇ ಲೇಸು. ದೊಡ್ಡ ಮಕ್ಕಳಿಂದ ಮಾತ್ರ ಮುಚ್ಚಿಡಬಾರದು. ಹೆರೋದನ ಕ್ರೌರ್ಯಗಳನ್ನು ಬಿಡಿಸಿ ಬರೆದ ಜೋಸೆಫಸ್ ಎಂಬ ಮೊದಲ ಶತಮಾನದ ಇತಿಹಾಸಕಾರ ಈ ಕೊಲೆಯನ್ನು ಹೇಳಿಲ್ಲ ಎಂಬುದನ್ನೂ, ಜೀವ ಉಳಿಸಿಕೊಳ್ಳಲು ಗಡಿ ದಾಟುವ ಕುಟುಂಬಗಳು ಇವತ್ತಿಗೂ ಇವೆ ಎಂಬುದನ್ನೂ ಅವರಿಗೆ ಹೇಳಬಹುದು.

ಇದೆಲ್ಲ ಎಳೆಯ ಮನಸ್ಸಿನ ಮೇಲೆ ಮತವನ್ನು ಹೇರುವುದಲ್ಲವೇ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ತುಮಕೂರು ಜಿಲ್ಲೆಯಲ್ಲಿ ಕ್ರೈಸ್ತರು ಶೇಕಡಾ ಒಂದಕ್ಕಿಂತ ಕಡಿಮೆ; ಹಾಗಾಗಿ ಇಲ್ಲಿನ ಶಾಲೆಗಳಲ್ಲಿ ಬಹುಪಾಲು ಮಕ್ಕಳು ಬೇರೆ ಮತದವರು. ಸಂವಿಧಾನದ 28ನೆಯ ವಿಧಿಯ ಪ್ರಕಾರ, ಸರ್ಕಾರದ ಮನ್ನಣೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ. ಅದು ನ್ಯಾಯವಾದ ಕಟ್ಟಳೆ, ಅದನ್ನು ಅಕ್ಷರಶಃ ಪಾಲಿಸಬೇಕು. ಚರ್ಚಿನ ಭಾನುವಾರದ ತರಗತಿಯಲ್ಲಿ ತಮ್ಮದೇ ಸಭೆಯ ಮಕ್ಕಳಿಗೆ ಕಲಿಸುವುದು ಬೇರೆ ಮಾತು. ಅಲ್ಲಿಯೂ ಹೇರಿಕೆ ಆಗುವುದು ಪ್ರಶ್ನೆಗೆ ಜಾಗವಿಲ್ಲದಾಗ. ‘ಅದು ಪುಸ್ತಕದಲ್ಲಿಲ್ಲ, ನನಗೂ ಗೊತ್ತಿಲ್ಲ’ ಎನ್ನಬಲ್ಲ ಶಿಕ್ಷಕಿಯ ಎದುರು ಕೂತ ಮಗುವಿನ ಮೇಲೆ ಯಾವ ಮತವನ್ನೂ ಹೇರಲಾಗದು.

ಸಂಡೇ ಸ್ಕೂಲಿನ ಅಕ್ಕಂದಿರಲ್ಲಿ, ಅಣ್ಣಂದಿರಲ್ಲಿ ನನ್ನದೊಂದು ಬಿನ್ನಹ. ಈ ಸಲ ಗೋದಲಿ ಕಟ್ಟುವ ಮೊದಲು ಮಕ್ಕಳ ಕೈಗೆ ಮತ್ತಾಯ, ಲೂಕರ ಮೊದಲ ಎರಡೆರಡು ಅಧ್ಯಾಯಗಳನ್ನು ಕೊಡಿ. ಅವರೇ ಓದಲಿ. ಅವರ ಪ್ರಶ್ನೆಗಳನ್ನೆಲ್ಲ ಕರಿಹಲಗೆಯ ಮೇಲೆ ಬರೆಯಿರಿ, ಉತ್ತರ ಸಿಗದವನ್ನು ಅಳಿಸಬೇಡಿ.