ಆತಂಕದ ಬೇನೆ: ಅದರ ಸ್ವರೂಪ ಮತ್ತು ಅದನ್ನು ಎದುರಿಸುವ ಬಗೆ

ನಮ್ಮ ವಾಚನಾಲಯಕ್ಕೆ ಬರುವ ಮಿತ್ರರೊಬ್ಬರ ಸಂಗತಿಯಿಂದ ಈ ಲೇಖನವನ್ನು ಆರಂಭಿಸುತ್ತೇವೆ. ಹೆಸರು ಬೇಡ, ಬರೆಯಲು ಅವರೇ ಒಪ್ಪಿಗೆ ಕೊಟ್ಟಿದ್ದಾರೆ.

ಅವರು ಠಾಣೆಯಿಂದ ದಾದರಿಗೆ ದಿನವೂ ಲೋಕಲ್ ಗಾಡಿಯಲ್ಲಿ ಹೋಗಿಬರುವ ಗುಮಾಸ್ತರು. ಒಂದು ಬೆಳಿಗ್ಗೆ ತುಂಬಿದ ಫಾಸ್ಟ್ ಗಾಡಿಯಲ್ಲಿ ನಿಂತಿದ್ದಾಗ, ಯಾವ ಕಾರಣವೂ ಇಲ್ಲದೆ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಉಸಿರು ಸಾಲದಂತಾಯಿತು. ಬೆರಳುಗಳು ಜುಮುಗುಟ್ಟಿದವು, ಮೈಯೆಲ್ಲ ಬೆವರಿತು. ‘ನನ್ನ ಕಾಲ ಮುಗಿಯಿತು, ಊರಿನಲ್ಲಿರುವ ಹೆಂಡತಿ ಮಕ್ಕಳ ಗತಿಯೇನು?’ ಎನಿಸಿತು. ಘಾಟ್ಕೋಪರಿನಲ್ಲಿ ಇಳಿದು ಬೆಂಚಿನ ಮೇಲೆ ಕುಳಿತರು. ಕಾಲು ಗಂಟೆಯಲ್ಲಿ ಎಲ್ಲ ಶಮನವಾಯಿತು. ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದು, ರಕ್ತ ಪರೀಕ್ಷೆ ಮಾಡಿ, ‘ಹೃದಯಕ್ಕೆ ಏನೂ ಆಗಿಲ್ಲ’ ಎಂದರು.

ಆದರೆ ಮರುದಿನದಿಂದ ಅವರಿಗೆ ಫಾಸ್ಟ್ ಗಾಡಿ ಹತ್ತುವ ಧೈರ್ಯವಾಗಲಿಲ್ಲ. ಸ್ಲೋ ಗಾಡಿ ಹಿಡಿದರು. ಕೆಲ ದಿನಗಳಲ್ಲಿ ಅದೂ ಆಗದೆ ಬಸ್ಸು ಹಿಡಿದರು. ದಿನವೂ ತಡ, ತಿಂಗಳ ಕೊನೆಗೆ ಸಂಬಳದಲ್ಲಿ ಕಡಿತ. ಕಡೆಗೊಂದು ದಿನ ರಾಜೀನಾಮೆ ಪತ್ರವನ್ನು ಬರೆದು ಜೇಬಿನಲ್ಲಿಟ್ಟುಕೊಂಡು ನಮ್ಮ ಬಳಿಗೆ ಬಂದರು.

ನಾವು ವೈದ್ಯರಲ್ಲ. ಮೆಟ್ರಿಕ್ ತನಕ ಓದಿ ಗಿರಣಿಯ ಆಫೀಸಿನಲ್ಲಿ ಲೆಕ್ಕ ಬರೆಯುವವರು. ಆದರೂ ಈ ವಿಷಯದಲ್ಲಿ ಓದಿ ತಿಳಿದುದನ್ನೂ ಆ ಮಿತ್ರರ ಜೊತೆಗಿದ್ದು ಕಂಡುದನ್ನೂ ವಾಚಕರ ಮುಂದಿಡುತ್ತೇವೆ. ಏಕೆಂದರೆ ಈ ಬೇನೆ ನಮ್ಮಲ್ಲಿ ಅನೇಕರಿಗಿದೆ; ನಾಚಿಕೆಯಿಂದ ಯಾರೂ ಬಾಯಿ ಬಿಡುವುದಿಲ್ಲ.

ಬೇನೆ ಯಾವುದು, ಅಲ್ಲದ್ದು ಯಾವುದು?

ಖೋಲಿಯ ಬಾಡಿಗೆ, ಊರಿಗೆ ಕಳಿಸಬೇಕಾದ ಹಣ, ತಂಗಿಯ ಮದುವೆ ಇವುಗಳ ಚಿಂತೆ ರೋಗವಲ್ಲ. ಚಿಂತೆಯಿದ್ದುದರಿಂದಲೇ ಮನುಷ್ಯ ಮುಂದಿನ ವ್ಯವಸ್ಥೆ ಮಾಡಿಕೊಳ್ಳುತ್ತಾನೆ. ಕಾರಣಕ್ಕೆ ಮೀರಿದ ಭಯ ತಿಂಗಳುಗಟ್ಟಲೆ ನಿಂತು ನಿದ್ರೆ, ಊಟ, ಕೆಲಸಗಳನ್ನು ಕೆಡಿಸತೊಡಗಿದಾಗ ಮಾತ್ರ ಅದು ಬೇನೆ. ಇದರಲ್ಲಿ ಬಗೆಗಳುಂಟು. ಆರು ತಿಂಗಳಿಗೂ ಮೇಲ್ಪಟ್ಟು ಹೆಚ್ಚಿನ ದಿನಗಳಲ್ಲಿ ಎಲ್ಲದಕ್ಕೂ ಚಿಂತಿಸುವುದು ಒಂದು. ನಮ್ಮ ಮಿತ್ರರಿಗೆ ಆದಂತೆ ಥಟ್ಟನೆ ದಿಗಿಲು ಬಡಿಯುವುದು ಇನ್ನೊಂದು. ನಾಲ್ಕು ಜನರೆದುರು ಮಾತನಾಡಲು, ಉಣ್ಣಲು, ಸಹಿ ಹಾಕಲು ಸಹ ಅಂಜುವುದು ಮತ್ತೊಂದು. ಗಾಳಿ ಸೋಕಿದೆ, ದೃಷ್ಟಿ ತಾಕಿದೆ ಎಂದು ಅಂತ್ರ ಕಟ್ಟಿಸಲು ಹಣ ಸುರಿಯುವವರಿದ್ದಾರೆ. ಇದು ಗಾಳಿಯೂ ಅಲ್ಲ, ಹೇಡಿತನವೂ ಅಲ್ಲ.

ಮೈಯೊಳಗೆ ನಡೆಯುವುದೇನು?

ದಾರಿಯಲ್ಲಿ ಹಾವು ಕಂಡರೆ ನಾವು ಯೋಚಿಸುವ ಮೊದಲೇ ಮೈ ಸಜ್ಜಾಗುತ್ತದೆ. ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳಿಂದ ಅಡ್ರಿನಲಿನ್ ಎಂಬ ರಸ ರಕ್ತಕ್ಕೆ ಸೇರುತ್ತದೆ. ಹೃದಯ ವೇಗವಾಗಿ ಬಡಿದು ಕೈಕಾಲುಗಳಿಗೆ ರಕ್ತ ಕಳಿಸುತ್ತದೆ, ಉಸಿರಾಟ ತೀವ್ರವಾಗುತ್ತದೆ. ಹೋರಾಡಲು ಇಲ್ಲವೇ ಓಡಲು ದೇಹ ಮಾಡಿಕೊಳ್ಳುವ ಈ ಸಿದ್ಧತೆಯನ್ನು ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ 1915ರ ತಮ್ಮ ಗ್ರಂಥದಲ್ಲಿ ವಿವರಿಸಿದರು.

ದಿಗಿಲು ಬಡಿದಾಗ ಆಗುವುದೂ ಇದೇ, ಆದರೆ ಹಾವಿಲ್ಲದೆ. ಗಿರಣಿಯಲ್ಲಿ ಬೆಂಕಿಯಿಲ್ಲದೆ ಬೆಂಕಿಯ ಗಂಟೆ ಬಾರಿಸಿದಂತೆ. ಗಂಟೆಯ ಸದ್ದು ನಿಜ, ಓಡಾಟ ನಿಜ. ಬೆಂಕಿ ಮಾತ್ರ ಇಲ್ಲ. ಅಗತ್ಯಕ್ಕಿಂತ ಹೆಚ್ಚು ಉಸಿರಾಡಿದಾಗ ರಕ್ತದಲ್ಲಿಯ ಇಂಗಾಲಾಮ್ಲ ಕಡಿಮೆಯಾಗಿ ಬೆರಳು ಜುಮುಗುಟ್ಟುತ್ತವೆ, ತಲೆ ಹಗುರಾಗುತ್ತದೆ. ಈ ಹೊಡೆತ ಸಾಮಾನ್ಯವಾಗಿ ಹತ್ತು ನಿಮಿಷಗಳೊಳಗೆ ತುದಿ ಮುಟ್ಟಿ, ತಾನಾಗಿಯೇ ಇಳಿಯುತ್ತದೆ. ಅದರಿಂದ ಪ್ರಾಣ ಹೋಗುವುದಿಲ್ಲ.

ಬೇನೆಯನ್ನು ಬೆಳೆಸುವುದು ಯಾವುದು?

ಇದೇ ಮುಖ್ಯ ಮಾತು. ನಮ್ಮ ಮಿತ್ರರು ಘಾಟ್ಕೋಪರಿನಲ್ಲಿ ಇಳಿದರು, ಭಯ ಇಳಿಯಿತು. ‘ಇಳಿದದ್ದರಿಂದ ಬದುಕಿದೆ’ ಎಂದು ಮನಸ್ಸು ಪಾಠ ಕಲಿತಿತು. ಕುಳಿತಿದ್ದರೂ ಭಯ ಇಳಿಯುತ್ತಿತ್ತು ಎಂಬುದನ್ನು ಕಲಿಯಲು ಅದಕ್ಕೆ ಅವಕಾಶವೇ ದೊರೆಯಲಿಲ್ಲ. ಹೀಗೆ ತಪ್ಪಿಸಿಕೊಂಡಷ್ಟೂ ಬೇನೆ ಬೆಳೆಯುತ್ತದೆ. ಇಂದು ಗಾಡಿ ಬಿಟ್ಟವನು ನಾಳೆ ಪೇಟೆ ಬಿಡುತ್ತಾನೆ, ನಾಡಿದ್ದು ಖೋಲಿಯ ಹೊಸ್ತಿಲು ದಾಟಲಾರ.

ಆದ್ದರಿಂದ ಪರಿಹಾರವೂ ಅಲ್ಲೇ ಇದೆ. ದಕ್ಷಿಣ ಆಫ್ರಿಕದಲ್ಲಿ ಜನಿಸಿದ ಮನೋವೈದ್ಯ ಜೋಸೆಫ್ ವೋಲ್ಪ್ 1958ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಭಯದ ವಸ್ತುವಿಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿರವಾಗುವ ಕ್ರಮವನ್ನು ತೋರಿಸಿದರು. ಆಸ್ಟ್ರೇಲಿಯದ ವೈದ್ಯೆ ಕ್ಲೇರ್ ವೀಕ್ಸ್ 1962ರಲ್ಲಿ ಸಾಮಾನ್ಯ ಜನರಿಗಾಗಿಯೇ ಒಂದು ಪುಸ್ತಕ ಬರೆದು, ದಿಗಿಲಿನೊಡನೆ ಗುದ್ದಾಡದೆ, ಅದನ್ನು ಎದುರಿಸಿ, ಬಂದದ್ದನ್ನು ಒಪ್ಪಿ, ನೀರಿನಲ್ಲಿ ತೇಲಿದಂತೆ ಮೈ ಸಡಿಲಬಿಟ್ಟು, ಕಾಲ ಕಳೆಯಗೊಡಬೇಕೆಂದು ತಿಳಿಸಿದರು.

ಮಾಡಬೇಕಾದುದು

ಮೊದಲನೆಯದು, ಮೆಟ್ಟಿಲುಗಳ ಪಟ್ಟಿ. ನಮ್ಮ ಮಿತ್ರರ ಪಟ್ಟಿ ಹೀಗಿತ್ತು: ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ ಅರ್ಧ ಗಂಟೆ ನಿಲ್ಲುವುದು; ಸ್ಲೋ ಗಾಡಿಯಲ್ಲಿ ಮುಲುಂಡಿನ ತನಕ; ಬಳಿಕ ಭಾಂಡುಪ್; ಬಳಿಕ ಘಾಟ್ಕೋಪರ್; ಕುರ್ಲಾ; ದಾದರ್; ಕಡೆಗೆ ಫಾಸ್ಟ್ ಗಾಡಿ. ಮೊದಲ ಎರಡು ಭಾನುವಾರ ನಾವು ಜೊತೆಗೆ ಹೋದೆವು. ಆಮೇಲೆ ಒಬ್ಬರೇ ಹೋದರು. ನಿಯಮ ಒಂದೇ: ಭಯ ಏರಿರುವಾಗ ನಡುವೆ ಇಳಿಯಬಾರದು. ಒಂದು ಮೆಟ್ಟಿಲು ಸಲೀಸಾದ ಮೇಲೆ ಮುಂದಿನದು.

ಎರಡನೆಯದು, ಉಸಿರಾಟ. ಮನಸ್ಸಿನಲ್ಲೇ ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಉಸಿರೆಳೆದು, ಆರು ಎಣಿಸುವಷ್ಟು ಹೊತ್ತು ನಿಧಾನವಾಗಿ ಬಿಡಬೇಕು. ಹೊಟ್ಟೆ ಏರಿಳಿಯಬೇಕು, ಎದೆಯಲ್ಲ. ದಿಗಿಲಿಲ್ಲದಾಗಲೇ ದಿನಕ್ಕೆ ಎರಡು ಸಲ ಐದೈದು ನಿಮಿಷ ಅಭ್ಯಾಸ ಮಾಡಿರಬೇಕು.

ಮೂರನೆಯದು, ಚಿಂತೆಯ ಲೆಕ್ಕ. ಚಿಂತೆಗೂ ಚಿತೆಗೂ ಒಂದು ಸೊನ್ನೆಯ ಅಂತರವೆಂದು ಹಿರಿಯರು ಹೇಳುತ್ತಾರೆ. ಸಂಜೆ ಅರ್ಧ ಗಂಟೆ ಗೊತ್ತುಮಾಡಿ, ಚಿಂತೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಕೈಲಾಗುವುದರ ಮುಂದೆ ನಾಳೆ ಮಾಡುವ ಕೆಲಸವನ್ನು ಬರೆಯಿರಿ. ಕೈಲಾಗದ್ದನ್ನು ಅಲ್ಲಿಗೇ ಬಿಡಿ. ಹಗಲು ಚಿಂತೆ ಬಂದರೆ ‘ಸಂಜೆಗೆ ಬಾ’ ಎಂದು ಹೇಳಿ ಕಳಿಸಿ.

ನಾಲ್ಕನೆಯದು, ದಿನಚರಿ. ಚಹಾ, ಕಾಫಿ, ಬೀಡಿ, ತಂಬಾಕು ಎದೆಬಡಿತವನ್ನು ಹೆಚ್ಚಿಸುತ್ತವೆ. ಹೆಂಡ ರಾತ್ರಿ ಧೈರ್ಯ ಕೊಟ್ಟು, ಬೆಳಿಗ್ಗೆ ಬಡ್ಡಿ ಸಹಿತ ಹಿಂದಕ್ಕೆ ಪಡೆಯುತ್ತದೆ. ದಿನಕ್ಕೆ ಅರ್ಧ ಗಂಟೆ ಬಿರುಸಿನ ನಡಿಗೆ ಒಳ್ಳೆಯದು. ರಾತ್ರಿ ಪಾಳಿಯವರು ಹಗಲು ಕಿಟಕಿಗೆ ದಪ್ಪ ಬಟ್ಟೆ ಕಟ್ಟಿಯಾದರೂ ನಿದ್ರೆ ಪೂರೈಸಬೇಕು.

ಎಚ್ಚರಿಕೆಯ ಮಾತು

ಎದೆನೋವು, ಏದುಸಿರು ಬಂದರೆ ಮೊದಲು ವೈದ್ಯರ ಬಳಿಗೆ ಹೋಗಬೇಕು. ‘ಬರೀ ಆತಂಕ’ ಎಂದು ತಾವೇ ತೀರ್ಮಾನಿಸಬಾರದು. ಥೈರಾಯ್ಡ್ ದೋಷ, ರಕ್ತಹೀನತೆಗಳಿಂದಲೂ ಎದೆ ಹೊಡೆದುಕೊಳ್ಳುವುದುಂಟು. ಮದ್ದಿಲ್ಲದೆ ಅನೇಕರಿಗೆ ಗುಣವಾಗುತ್ತದೆಯಾದರೂ ಕೆಲವರಿಗೆ ಮದ್ದು ಬೇಕಾಗುತ್ತದೆ, ಅದರಲ್ಲಿ ಅವಮಾನವಿಲ್ಲ. ಈಗಾಗಲೇ ಗುಳಿಗೆ ಸೇವಿಸುವವರು ಈ ಲೇಖನ ಓದಿ ಬಿಟ್ಟುಬಿಡಬಾರದು. ವೈದ್ಯರ ಚೀಟಿಯಿಲ್ಲದೆ ನಿದ್ರೆಯ ಗುಳಿಗೆ ಕೊಳ್ಳಲೂ ಬಾರದು, ಅವು ಚಟವಾಗುತ್ತವೆ. ಬದುಕೇ ಬೇಡವೆನಿಸಿದರೆ ಒಂದು ದಿನವೂ ತಡ ಮಾಡದೆ ಯಾರಿಗಾದರೂ ಹೇಳಿರಿ.

ಸರ್ಕಾರವು 2022ರ ಅಕ್ಟೋಬರ್ 10ರಂದು ಟೆಲಿ-ಮಾನಸ್ ಎಂಬ ದೂರವಾಣಿ ಸೇವೆಯನ್ನು ಆರಂಭಿಸಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಅದರ ಮುಖ್ಯ ಕೇಂದ್ರ. ಸಂಖ್ಯೆ 14416. ಹಣ ಕೊಡಬೇಕಾಗಿಲ್ಲ, ಹಗಲು ರಾತ್ರಿ ಯಾವ ಹೊತ್ತಿಗೂ ಕರೆಯಬಹುದು, ಕನ್ನಡದಲ್ಲಿಯೂ ಮಾತನಾಡಬಹುದು. ಪರಊರಿನಲ್ಲಿ ಎದೆಯ ಭಯವನ್ನು ತಾಯ್ನುಡಿಯಲ್ಲಿ ಹೇಳಿಕೊಳ್ಳುವುದೇ ಅರ್ಧ ಭಾರ ಇಳಿಸಿದಂತೆ.

ನಮ್ಮ ಮಿತ್ರರು ಎರಡೂವರೆ ತಿಂಗಳ ಮೇಲೆ ಫಾಸ್ಟ್ ಗಾಡಿ ಹತ್ತಿದರು. ಈಗಲೂ ಒಮ್ಮೊಮ್ಮೆ ಘಾಟ್ಕೋಪರಿನ ಹತ್ತಿರ ಎದೆ ಹೊಡೆದುಕೊಳ್ಳುವುದುಂಟಂತೆ. ‘ಹೊಡೆದುಕೊಳ್ಳಲಿ, ದಾದರ್ ಬರುತ್ತದೆ’ ಎಂದುಕೊಂಡು ನಿಲ್ಲುತ್ತಾರೆ. ರಾಜೀನಾಮೆ ಪತ್ರ ಅವರ ಟ್ರಂಕಿನಲ್ಲಿಯೇ ಇದೆ. ಇಂಥ ಕಷ್ಟದಲ್ಲಿರುವ ಬಂಧುಗಳು ಭಾನುವಾರ ವಾಚನಾಲಯಕ್ಕೆ ಬಂದು ನಮ್ಮನ್ನು ಕಾಣಬಹುದು. ಮದ್ದು ಕೊಡಲು ನಮಗೆ ಬಾರದು. ಜೊತೆಗೆ ಗಾಡಿ ಹತ್ತಲು ಬರುತ್ತೇವೆ.